ಹಾಲು ಮೊದಲು, ಸೂಜಿ ಆಮೇಲೆ

ಗುರುವಾರ ಬೆಳಗ್ಗೆ ನಮ್ಮ ಕಡೆಯ ಯಾವ ಲಸಿಕೆ ಕೋಣೆಯ ಮುಂದೆ ನಿಂತರೂ ಇದೇ ನೋಟ. ಅಜ್ಜಿ ಮಗುವನ್ನು ಎತ್ತಿಕೊಂಡು ಒಳಗೆ ಹೋಗುತ್ತಾರೆ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಾಚೆ ನಿಂತಿರುತ್ತಾಳೆ. ಒಳಗಿನಿಂದ ಚೀರಾಟ. ಕೆಂಪಡರಿ, ಉಸಿರು ಕಟ್ಟಿ ಅಳುವ ಮಗು ಹೊರಗೆ ಬಂದಮೇಲೆ ಎಲ್ಲರದೂ ಒಂದೇ ಮಾತು: 'ಹಾಲು ಕೊಡಮ್ಮ, ಬೇಗ ಹಾಲು ಕೊಡು.'

ಆ ಹಾಲು ಕೊಡಬೇಕಾಗಿದ್ದು ಐದು ನಿಮಿಷ ಮೊದಲು. ಮಕ್ಕಳ ವೈದ್ಯಳಾಗಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಎದೆಹಾಲನ್ನು ಅತ್ತ ಮಗುವಿಗೆ ಸಮಾಧಾನ ಮಾಡುವ ಉಪಾಯ ಎಂದೇ ತಿಳಿದಿದ್ದಾರೆ. ಅದು ನೋವನ್ನೇ ತಗ್ಗಿಸುತ್ತದೆ. ಆದರೆ ಸೂಜಿ ಚುಚ್ಚುವ ಹೊತ್ತಿಗೆ ಮಗು ಚೀಪುತ್ತಿರಬೇಕು. ಬಾಯಿಗೆ ಮೊಲೆ ತಾಗಿಸಿದರೆ ಸಾಲದು. ಸರಿಯಾಗಿ ಹಿಡಿದು, ಒಂದೇ ಲಯದಲ್ಲಿ ಚೀಪಿ ನುಂಗುತ್ತಿರಬೇಕು. ಅದಕ್ಕೆ ಎರಡು ಮೂರು ನಿಮಿಷ ಬೇಕು. ಚೀಪುವುದು, ಹಾಲಿನ ಸಿಹಿ, ಅಮ್ಮನ ವಾಸನೆ, ಮೈಯ ಬಿಸುಪು ಎಲ್ಲ ಒಟ್ಟಿಗೆ ಕೆಲಸ ಮಾಡುತ್ತವೆ. ಚುಚ್ಚುವಾಗಲೂ ಬಿಡಿಸಬಾರದು, ಚುಚ್ಚಿದ ಮೇಲೂ ಮಗು ತಾನಾಗಿ ಬಿಡುವವರೆಗೆ ಬಿಡಿಸಬಾರದು. ಒಮ್ಮೆ ಅಳು ಜೋರಾಯಿತೆಂದರೆ ಎಷ್ಟೋ ಮಕ್ಕಳು ಮೊಲೆಯನ್ನೇ ಹಿಡಿಯುವುದಿಲ್ಲ.

ಆಗ ಬರುವ ಮೊದಲ ಪ್ರಶ್ನೆ, 'ಹಾಲು ನೆತ್ತಿಗೇರಲ್ವಾ ಡಾಕ್ಟ್ರೇ?' ದಿನ ತುಂಬಿ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುವ ಮಗುವಿಗೆ ಆ ಭಯ ಬೇಡ. ಚುಚ್ಚಿದ ಕ್ಷಣ ಮಗು ಚೀಪುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕುತ್ತದೆ, ಒಂದು ಸಲ ಕಿರ್ ಅನ್ನಬಹುದು, ಮತ್ತೆ ಚೀಪುತ್ತದೆ. ಎರಡನೆಯದು, 'ಇನ್ಮೇಲೆ ಮೊಲೆ ಕಂಡರೇ ಹೆದರಿಬಿಟ್ರೆ?' ಹಾಗೆ ಆದದ್ದನ್ನು ನಾನಂತೂ ಕಂಡಿಲ್ಲ. ಮೂರನೆಯದು ಸಿಸ್ಟರ್‌ಗಳ ಪ್ರಶ್ನೆ, 'ಹಾಲು ಕುಡೀತಿದ್ರೆ ನಾನು ಎಲ್ಲಿ ಚುಚ್ಚಲಿ?' ಇದು ನ್ಯಾಯವಾದ ಪ್ರಶ್ನೆ. ಒಂದೊಂದು ದಿನ ನಲವತ್ತು ಮಕ್ಕಳನ್ನು ನೋಡುವವರು ಅವರು.

ಉತ್ತರ ಸುಲಭ. ತಾಯಿ ಮಗುವನ್ನು ಮಡಿಲಲ್ಲಿ ಅಡ್ಡ ಮಲಗಿಸಿ ಎಡಮೊಲೆಗೆ ಹಾಕಿಕೊಂಡರೆ ಮಗುವಿನ ಎಡತೋಳು, ಎಡತೊಡೆ ಎರಡೂ ಮೇಲೆ ಬರುತ್ತವೆ. ಹುಟ್ಟಿದಾಗ ಕೊಡುವ ಕ್ಷಯರೋಗದ ಲಸಿಕೆ ಬಿಸಿಜಿ ಎಡತೋಳಿಗೆ, ಆರು ವಾರಕ್ಕೆ ಕೊಡುವ, ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾ ಎಡತೊಡೆಗೆ. ಬಲಗಡೆಯವಕ್ಕೆ ಮಗುವನ್ನು ಬಲಮೊಲೆಗೆ ಬದಲಾಯಿಸಿಕೊಳ್ಳಿ, ಮತ್ತೆ ಚೀಪಲು ಶುರುಮಾಡುವವರೆಗೆ ಕಾಯಿರಿ. ಹೆಚ್ಚು ಉರಿಯುವ ಪಿಸಿವಿ, ಅಂದರೆ ನ್ಯುಮೋನಿಯಾ ತಡೆಯುವ ಲಸಿಕೆ, ಕೊನೆಗಿರಲಿ. ಪೋಲಿಯೋ ಹನಿ, ಭೇದಿ ತಡೆಯುವ ರೋಟಾ ಹನಿಗಳನ್ನು ಎಲ್ಲಕ್ಕಿಂತ ಮೊದಲೇ ಹಾಕಿಸಿಬಿಡಿ. ಹನಿ ಹಾಕಿದ ಮೇಲೆ ಅರ್ಧ ಗಂಟೆ ಹಾಲು ಕೊಡಬಾರದು ಎಂಬ ಮಾತು ಇನ್ನೂ ಓಡಾಡುತ್ತಿದೆ. ಎದೆಹಾಲಿಗೆ ಆ ನಿಯಮವಿಲ್ಲ.

'ಎಳೆಗೂಸಿಗೆ ಏನು ಗೊತ್ತಾಗುತ್ತೆ, ಮರೆತುಬಿಡುತ್ತೆ' ಎಂದು ಮನೆಯವರು ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. ವೈದ್ಯರೇ ಹಾಗೆ ತಿಳಿದಿದ್ದ ಕಾಲ ತೀರಾ ಹಳೆಯದಲ್ಲ. 1980ರ ದಶಕದಲ್ಲೂ ಎಷ್ಟೋ ನವಜಾತ ಶಿಶುಗಳಿಗೆ ಸಾಕಷ್ಟು ನೋವುಶಮನವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಡಾ. ಕೆ.ಜೆ.ಎಸ್. ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ ಆ ನಂಬಿಕೆಯನ್ನು ಅಲುಗಾಡಿಸಿತು. ಈಗ ನಾವು ಮಗುವಿನ ಹುಬ್ಬು, ಬಿಗಿದ ಕಣ್ಣು, ಉಸಿರು, ಕೈಕಾಲುಗಳನ್ನು ನೋಡಿ ನೋವಿಗೆ ಅಂಕ ಹಾಕುತ್ತೇವೆ. ಅಳು ಅದರಲ್ಲಿ ಒಂದು ಭಾಗ ಮಾತ್ರ. ಅವಧಿಗೆ ಮುಂಚೆ ಹುಟ್ಟಿದ ಪುಟ್ಟ ಮಗುವಿಗೆ ಎಷ್ಟೋ ಸಲ ಅಳುವಷ್ಟು ತ್ರಾಣವೂ ಇರುವುದಿಲ್ಲ.

ಅಂಥ ಮಕ್ಕಳಿಗೆ ಮೊಲೆ ಚೀಪಲು ಆಗದಿದ್ದರೆ ಎದೆಗೆ ಎದೆ ಒತ್ತಿಸಿ ಮಲಗಿಸುವ ಕಾಂಗರೂ ಆರೈಕೆ ಇದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹುಟ್ಟಿಕೊಂಡ ವಿಧಾನ ಅದು. ಚುಚ್ಚುವುದಕ್ಕೆ ಹತ್ತು ಹದಿನೈದು ನಿಮಿಷ ಮೊದಲೇ ಶುರುವಾಗಬೇಕು. ಸಿಸೇರಿಯನ್ ಆಗಿ ತಾಯಿ ಇನ್ನೊಂದು ವಾರ್ಡಿನಲ್ಲಿದ್ದರೆ ಅಪ್ಪನೂ ಮಾಡಬಹುದು. ಒಮ್ಮೆ ಒಬ್ಬ ಲಾರಿ ಚಾಲಕರು ಒಂದೂವರೆ ಕೆಜಿಯ ಮಗಳನ್ನು ಬರಿ ಎದೆಯ ಮೇಲೆ ಇಟ್ಟುಕೊಂಡು ಕೂತರು. ನಾವು ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಮುಗಿಸಿದರೂ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. 'ಆಯ್ತಪ್ಪ' ಎಂದರೆ 'ಇರ್ಲಿ ಬಿಡಿ ಮೇಡಂ, ಮಲಗವ್ಳೆ' ಎಂದು ಮತ್ತೆ ಒಂದು ಗಂಟೆ ಏಳಲಿಲ್ಲ. ಆ ದಿನ ನನ್ನ ರೌಂಡ್ಸ್ ತಡವಾಯಿತು. ಅವರನ್ನು ಎಬ್ಬಿಸುವ ಮನಸ್ಸು ನನಗೂ ಬರಲಿಲ್ಲ.

ಇದ್ಯಾವುದೂ ಆಗದಿದ್ದಾಗ ಕೈಕಾಲು ಮಡಿಸಿ, ಗರ್ಭದಲ್ಲಿದ್ದ ಹಾಗೆ ಎರಡು ಅಂಗೈಗಳಲ್ಲಿ ಹಿತವಾಗಿ ಹಿಡಿದುಕೊಳ್ಳಿ. ಅದುಮಿ ಹಿಡಿಯುವುದು ಬೇರೆ, ಹೀಗೆ ಹಿಡಿಯುವುದು ಬೇರೆ. ಸಕ್ಕರೆ ದ್ರಾವಣದ ಕೆಲವು ಹನಿಗಳನ್ನು ಎರಡು ನಿಮಿಷ ಮೊದಲು ನಾಲಿಗೆಗೆ ಬಿಡುವ ಪದ್ಧತಿಯೂ ಉಂಟು. ಆದರೆ ಅದು ಆಸ್ಪತ್ರೆಯವರೇ ಅಳತೆ ನೋಡಿ ಕೊಡಬೇಕಾದ್ದು, ಮನೆಯಿಂದ ಕಲ್ಲುಸಕ್ಕರೆ ನೀರು ತರಬೇಡಿ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ನೆಕ್ಕಿಸಲೇಬೇಡಿ. ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಇವೆಲ್ಲ ಸಣ್ಣ ಚುಚ್ಚುಗಳ ಮಾತು. ನೋವು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ದೊಡ್ಡ ಚಿಕಿತ್ಸೆಗೆ ಔಷಧವೇ ಬೇಕು. ಉಸಿರಾಟದ ತೊಂದರೆ ಇರುವ, ಬಾಯಿಂದ ಹಾಲು ಕೊಡಬೇಡಿ ಎಂದು ಹೇಳಿರುವ ಮಗುವಿನ ವಿಷಯದಲ್ಲಿ ನಿಮ್ಮ ವೈದ್ಯರನ್ನು ಕೇಳದೆ ಏನನ್ನೂ ಮಾಡಬೇಡಿ.

ಉಳಿದವರು ಬರುವ ಗುರುವಾರ ತಾಯಿ ಕಾರ್ಡ್ ಕೊಡುವಾಗಲೇ ಸಿಸ್ಟರ್‌ಗೆ ಹೇಳಿ, 'ಹಾಲು ಕುಡಿಸ್ತಾನೇ ಚುಚ್ಚಿಸ್ಕೋತೀನಿ.' ಸರದಿ ಬರುವುದಕ್ಕೆ ಸ್ವಲ್ಪ ಮೊದಲೇ ಹೊಟ್ಟೆ ತುಂಬ ಕುಡಿಸಿಬಿಡಬೇಡಿ, ತುಂಬಿದ ಹೊಟ್ಟೆಯ ಮಗು ಚೀಪದೆ ನಿದ್ದೆಹೋಗುತ್ತದೆ. ಮುಂದೆ ಗುಂಡಿ ಇರುವ ರವಿಕೆಯನ್ನೋ ನೈಟಿಯನ್ನೋ ಹಾಕಿಕೊಂಡು ಬನ್ನಿ, ಮೇಲೆ ಹೊದೆಯಲು ಒಂದು ದುಪ್ಪಟ್ಟವಿರಲಿ. ಅಜ್ಜಿಯೂ ಒಳಗೆ ಬರಲಿ, ಚೀಲ ಹಿಡಿದುಕೊಳ್ಳಲಿಕ್ಕೆ.