ಇಯರ್: ಕಿವಿಗೂ ತೆನೆಗೂ ಒಂದೇ ಹೆಸರು, ನೆಂಟಸ್ತನ ಮಾತ್ರ ಇಲ್ಲ

ಮೆಕ್ಕೆಜೋಳದ ತೆನೆಗೆ ಇಂಗ್ಲಿಷಿನಲ್ಲಿ ‘ಇಯರ್’ ಅನ್ನುತ್ತಾರೆ. ದಂಟಿನ ಪಕ್ಕದಲ್ಲಿ ಕಿವಿಯಂತೆ ಚಾಚಿಕೊಂಡಿರುತ್ತದಲ್ಲ, ಅದಕ್ಕೇ ಆ ಹೆಸರು ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಸುಳ್ಳು. ಮೆಕ್ಕೆಜೋಳ ಯುರೋಪನ್ನು ಕಂಡದ್ದು 1492ರ ನಂತರ. ಅದಕ್ಕೆ ಐನೂರು ವರ್ಷ ಮೊದಲೇ ಇಂಗ್ಲೆಂಡಿನವರು ಗೋಧಿ, ಬಾರ್ಲಿಯ ತೆನೆಯನ್ನು ಹೀಗೆ ಕರೆಯುತ್ತಿದ್ದರು. ಗೋಧಿಯ ತೆನೆ ಇರುವುದು ದಂಟಿನ ತುದಿಯಲ್ಲಿ. ಯಾರಿಗೂ ನೆತ್ತಿಯ ಮೇಲೆ ಕಿವಿ ಇರುವುದಿಲ್ಲ.

ಒಳ್ಳೆಯ ನಿಘಂಟಿನಲ್ಲಿ ಈ ಪದಕ್ಕೆ ಮೂರು ಬೇರೆ ನಮೂದುಗಳಿರುತ್ತವೆ: ಕಿವಿ, ತೆನೆ, ಮತ್ತು ಈಗ ಬಳಕೆಯಲ್ಲಿಲ್ಲದ ‘ಉಳು’ ಎಂಬ ಕ್ರಿಯಾಪದ. ಸಂಗೀತ ಬಲ್ಲವನಿಗೆ ಒಳ್ಳೆಯ ‘ಇಯರ್’ ಇದೆ ಅನ್ನುವುದು ಕಿವಿಯದೇ ಅರ್ಥ ಹಿಗ್ಗಿದ್ದು, ಹಾಗಾಗಿ ಅದು ಮೊದಲ ನಮೂದಿನೊಳಗೇ ಬರುತ್ತದೆ. ಮೂಲವೇ ಬೇರೆಯಾದರೆ ಮಾತ್ರ ಬೇರೆ ನಮೂದು.

ಮೂಲ ಬೇರೆ ಎಂದು ತಿಳಿಯಲು ಮೊದಲು ಹಳೆಯ ಬರಹ ನೋಡಬೇಕು. ಇಂಗ್ಲಿಷಿನ ದೂರದ ಸೋದರ ಗಾಥಿಕ್ ಭಾಷೆಗೆ 4ನೇ ಶತಮಾನದಲ್ಲಿ ಬಿಷಪ್ ವುಲ್ಫಿಲ ಬೈಬಲ್ ಅನುವಾದಿಸಿದ. ಅದರಲ್ಲಿ ಮೂರೂ ಪದ ಸಿಗುತ್ತವೆ: ಕಿವಿ ‘ಔಸೊ’, ತೆನೆ ‘ಅಹ್ಸ್’, ಉಳು ‘ಅರ್ಯನ್’. ಒಂದನ್ನು ಕಂಡು ಇನ್ನೊಂದೆಂದು ಯಾರೂ ಮೋಸಹೋಗಲಾರರು.

ಔಸೊದ ‘ಸ’ ಇಂಗ್ಲಿಷಿನಲ್ಲಿ ‘ರ’ ಆದದ್ದು ಆಕಸ್ಮಿಕವಲ್ಲ. ಸ್ವರಗಳ ನಡುವಿನ ‘ಸ’ ಕೆಲವು ಕಡೆ ಗುಂಯ್‌ಗುಟ್ಟುವ ‘ಝ’ ಆಯಿತು, ಆ ‘ಝ’ ಮುಂದೆ ‘ರ’ ಆಯಿತು. ಏಕವಚನದ ‘ವಾಸ್’ ಬಹುವಚನದಲ್ಲಿ ‘ವರ್’ ಆಗುವುದೂ ಇದೇ ದಾರಿಯಲ್ಲಿ. ಯಾವ ‘ಸ’ ಬದಲಾಗುತ್ತದೆ, ಯಾವುದು ಉಳಿಯುತ್ತದೆ ಎಂಬ ಒಗಟನ್ನು 1875ರಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಬಿಡಿಸಿದ. ಕೀಲಿಕೈ ಸಿಕ್ಕಿದ್ದು ವೇದದ ಸಂಸ್ಕೃತದಲ್ಲಿ: ಅಲ್ಲಿ ಉಳಿದಿದ್ದ ಸ್ವರಭಾರ ಪದದ ಯಾವ ಅಕ್ಷರದ ಮೇಲೆ ಬೀಳುತ್ತದೆ ಎಂಬುದೇ ಉತ್ತರ. ಕಿವಿಗೆ ಲ್ಯಾಟಿನ್ನಿನಲ್ಲಿರುವ ‘ಔರಿಸ್’ ಕೂಡ ಹಿಂದೆ ‘ಸ’ ಇದ್ದ ಪದವೇ. ಇಂಗ್ಲಿಷೂ ಲ್ಯಾಟಿನ್ನೂ ಒಂದನ್ನೊಂದು ಕೇಳದೆ ಒಂದೇ ಕೆಲಸ ಮಾಡಿಕೊಂಡಿವೆ.

ತೆನೆಯ ‘ಹ’ಕ್ಕೆ ಬೇರೆ ನಿಯಮ. 1818ರಲ್ಲಿ ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ರಾಸ್ಮುಸ್ ರಾಸ್ಕ್ ಗಮನಿಸಿದ್ದನ್ನು 1822ರಲ್ಲಿ ಯಾಕೋಬ್ ಗ್ರಿಮ್ ಸೂತ್ರವಾಗಿಸಿದ. ಜನಪದ ಕಥೆಗಳ ಗ್ರಿಮ್ ಸೋದರರಲ್ಲಿ ಹಿರಿಯನೇ ಈತ. ಸಂಸ್ಕೃತದ ‘ಶತ’, ಲ್ಯಾಟಿನ್ನಿನ ‘ಕೆಂಟುಮ್’, ಇಂಗ್ಲಿಷಿನ ‘ಹಂಡ್ರೆಡ್’ ನೋಡಿ: ಶ, ಕ, ಹ. ಅದೇ ಸಾಲಿನಲ್ಲಿ ಸಂಸ್ಕೃತದ ‘ಅಶ್ರಿ’ ಎಂದರೆ ಮೊನೆ, ಅಂಚು. ನಾಲ್ಕು ಅಂಚಿನ ‘ಚತುರಶ್ರ’ದಲ್ಲಿ ಅದೇ ಇರುವುದು. ಲ್ಯಾಟಿನ್ನಿನ ‘ಅಕುಸ್’ ಎಂದರೆ ಹೊಟ್ಟು. ಗಾಥಿಕ್ಕಿನಲ್ಲಿ ‘ಅಹ್ಸ್’. ಬೇರಿನ ಅರ್ಥ ‘ಮೊನಚು’. ಬಾರ್ಲಿ ತೆನೆಯ ಮೀಸೆಯನ್ನು ಅಂಗೈಯಲ್ಲಿ ತಿಕ್ಕಿದವರಿಗೆ ಇದರ ವಿವರಣೆ ಬೇಡ. ಇಂಗ್ಲಿಷಿನ ‘ಎಡ್ಜ್’ ಇದೇ ಬೇರಿನದು. ‘ಆ್ಯಸಿಡ್’ ಕೂಡ ಇದೇ, ಆದರೆ ಲ್ಯಾಟಿನ್ನಿನಿಂದ ಎರವಲು ಬಂದದ್ದು.

‘ಕಾರ್ನ್’ (ಧಾನ್ಯ, ಮೆಕ್ಕೆಜೋಳ) ಎಂದರೆ ‘ಕರ್ಣ’, ಅದಕ್ಕೇ ಅದರ ‘ಇಯರ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸದ್ದು ಹೋಲುವುದೇ ಇಲ್ಲಿ ಅನುಮಾನಕ್ಕೆ ಕಾರಣ. ಇಂಗ್ಲಿಷಿನ ಸ್ವಂತ ಪದದ ‘ಕ’ಗೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ‘ಜ’ ಸಿಗಬೇಕು: ‘ಕಿನ್’ಗೆ ಜನ, ಮಂಡಿ ಎಂಬ ಅರ್ಥದ ‘ನೀ’ಗೆ ಜಾನು (ಬರೆಯುವಾಗ ಮಾತ್ರ ಉಳಿದಿರುವ ಅದರ ‘ಕ’ವನ್ನು ಹಿಂದೆ ಉಚ್ಚರಿಸುತ್ತಿದ್ದರು). ಸಂಸ್ಕೃತದ ‘ಕ’ಗಾದರೆ ಇಂಗ್ಲಿಷಿನಲ್ಲಿ ‘ಹ’: ಯಾರು ಎನ್ನಲು ಸಂಸ್ಕೃತದಲ್ಲಿ ‘ಕಃ’, ಇಂಗ್ಲಿಷಿನಲ್ಲಿ ‘ಹೂ’. ಹಾಗಾಗಿ ಕಾರ್ನ್‌ನ ನಿಜವಾದ ನೆಂಟ ಕರ್ಣನಲ್ಲ, ‘ಜೀರ್ಣ’. ಸವೆ, ಮಾಗು ಎಂಬ ಅರ್ಥದ ಬೇರು.

ಮೂರೂ ‘ಇಯರ್’ ಕೂಡಿ ಒಂದೇ ಸದ್ದಾದದ್ದು ಇಂಗ್ಲಿಷಿನ ನೆಲದಲ್ಲೇ. ತೆನೆಯ ನಡುವಿನ ‘ಹ’ ದಕ್ಷಿಣ ಇಂಗ್ಲೆಂಡಿನಲ್ಲಿ ಮೊದಲು ಬಿತ್ತು. ಉತ್ತರದ ನಾರ್ತಂಬ್ರಿಯದಲ್ಲಿ ಇನ್ನೂ ಸ್ವಲ್ಪ ಕಾಲ ನಿಂತಿತ್ತು. ಕಿವಿಯ ಕೊನೆಯ ಸ್ವರ ಆಮೇಲೆ ಕಳಚಿತು. ಕನ್ನಡದಲ್ಲೂ ಹೀಗಾಗಿದೆ. ಹಳಗನ್ನಡದಲ್ಲಿ ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಱ ಅಕ್ಷರ ಹೋದ ಮೇಲೆ ಎರಡೂ ಒಂದಾದವು. ಶತ್ರು ಎಂಬ ಸಂಸ್ಕೃತದ ‘ಅರಿ’ಯೂ ಸೇರಿ ಇಲ್ಲೂ ಲೆಕ್ಕ ಮೂರೇ.

ಮೂರನೆಯ ‘ಇಯರ್’ 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಜೀವಂತವಾಗಿದೆ. ಆದಿಕಾಂಡದ 45ನೇ ಅಧ್ಯಾಯದಲ್ಲಿ ಯೋಸೇಫ ಬರಗಾಲದ ಇನ್ನೂ ಐದು ವರ್ಷ ‘ಇಯರಿಂಗ್’ ಆಗಲಿ ಸುಗ್ಗಿಯಾಗಲಿ ಇರುವುದಿಲ್ಲ ಎನ್ನುತ್ತಾನೆ. ಇಂದಿನ ಓದುಗರಿಗೆ ಅಲ್ಲಿ ಕಿವಿಯೋಲೆಯೋ ಅಚ್ಚಿನ ತಪ್ಪೋ ಕಾಣುತ್ತದೆ. 1885ರ ಪರಿಷ್ಕರಣದಲ್ಲಿ ಆ ಜಾಗಕ್ಕೆ ‘ಪ್ಲೋಯಿಂಗ್’ ಬಂತು. ಸಾಗುವಳಿಗೆ ಒಗ್ಗುವ ಜಮೀನನ್ನು ಇಂಗ್ಲಿಷಿನಲ್ಲಿ ‘ಆ್ಯರಬಲ್’ ಅನ್ನುತ್ತಾರಲ್ಲ, ಅದು ಅದೇ ಬೇರಿನ ಲ್ಯಾಟಿನ್ ಕವಲು.