ಜೇಮ್ಸ್ ಡಗ್ಲಸ್ ರಾಜನ ಹೃದಯವನ್ನು ನಿಜಕ್ಕೂ ಎಸೆದನೇ?

1996ರಲ್ಲಿ ಸ್ಕಾಟ್ಲೆಂಡಿನ ಮೆಲ್ರೋಸ್ ಮಠದ ನೆಲ ಅಗೆಯುವಾಗ ಸೀಸದ ಡಬ್ಬಿಯೊಂದು ಸಿಕ್ಕಿತು. ತೆಗೆದು ನೋಡಿದರೆ ಒಳಗೆ ಇನ್ನೊಂದು ಡಬ್ಬಿ, ಜೊತೆಗೊಂದು ತಾಮ್ರದ ತಗಡು. 1921ರಲ್ಲೇ ಇದು ಒಮ್ಮೆ ಸಿಕ್ಕಿತ್ತು. ಆಗ, ಒಳಗೊಂದು ಹೃದಯವಿದೆ ಎಂದು ತಗಡಿನ ಮೇಲೆ ಬರೆದಿಟ್ಟು ಮತ್ತೆ ಹೂತಿದ್ದರು. ಈ ಸಲವೂ ಒಳಡಬ್ಬಿ ತೆರೆಯಲಿಲ್ಲ. 1998ರಲ್ಲಿ ಹಾಗೇ ಮಣ್ಣಿಗೆ ಸೇರಿಸಿದರು. ಅದು ರಾಜ ರಾಬರ್ಟ್ ಬ್ರೂಸ್‌ನ ಹೃದಯ ಅಂತ ಜನರ ನಂಬಿಕೆ.

ಆ ಹೃದಯವನ್ನು ಕೊರಳಿಗೆ ಕಟ್ಟಿಕೊಂಡು ಸ್ಪೇನಿನವರೆಗೆ ಹೋದವನು ಸರ್ ಜೇಮ್ಸ್ ಡಗ್ಲಸ್. ಸಾಯುವ ಗಳಿಗೆಯಲ್ಲಿ ಅವನು ಅದನ್ನು ಶತ್ರುಗಳ ನಡುವೆ ಎಸೆದು, ಎಂದಿನಂತೆ ನೀನೇ ಮುಂದೆ ನಡೆ ಅಂದನಂತೆ. ಕಥೆ ಚೆನ್ನಾಗಿದೆ. ಆದರೆ ನಡೆದದ್ದು ಹಾಗೇನಾ?

ಡಗ್ಲಸ್‌ನ ಬದುಕೆಲ್ಲ ಶುರುವಾದದ್ದು ಒಂದು ಜಮೀನಿನ ತಕರಾರಿನಿಂದ. ಅವನ ಅಪ್ಪ 1297ರಲ್ಲಿ ವಿಲಿಯಂ ವಾಲೇಸ್ ಜೊತೆ ಇಂಗ್ಲೆಂಡಿನ ವಿರುದ್ಧ ಎದ್ದು ನಿಂತವನು. ಸೆರೆ ಸಿಕ್ಕು ಲಂಡನ್ ಟವರಿನಲ್ಲೇ ಸತ್ತ. ಡಗ್ಲಸ್ ಕಣಿವೆಯ ಆಸ್ತಿಯನ್ನು ಇಂಗ್ಲೆಂಡಿನ ದೊರೆ 1ನೇ ಎಡ್ವರ್ಡ್ ತನ್ನ ಕಡೆಯ ರಾಬರ್ಟ್ ಕ್ಲಿಫರ್ಡ್‌ಗೆ ಕೊಟ್ಟುಬಿಟ್ಟ. ಪ್ಯಾರಿಸ್‌ನಲ್ಲಿ ತಲೆಮರೆಸಿಕೊಂಡಿದ್ದ ಹುಡುಗ ವಾಪಸ್ ಬಂದು, ಬಿಷಪ್ ಲ್ಯಾಂಬರ್ಟನ್ ಆಶ್ರಯದಲ್ಲಿ ಬೆಳೆದ. 1304ರಲ್ಲಿ ಬಿಷಪ್ ಅವನನ್ನು ಎಡ್ವರ್ಡ್ ಮುಂದೆ ನಿಲ್ಲಿಸಿ, ಹುಡುಗನ ಆಸ್ತಿ ಅವನಿಗೆ ಕೊಡಿಸಿ ಎಂದು ಕೇಳಿಕೊಂಡ. ದೊರೆ ಒಪ್ಪಲಿಲ್ಲ. ಎರಡು ವರ್ಷ ಕಳೆದು ಬ್ರೂಸ್ ಪಟ್ಟಕ್ಕೆ ನಿಂತಾಗ, ಡಗ್ಲಸ್ ಹೋಗಿ ಅವನ ಜೊತೆ ಸೇರಿಕೊಂಡ. ಎಡ್ವರ್ಡ್ ಅವತ್ತು ಹೂಂ ಅಂದಿದ್ದರೆ ಅವನು ಸುಮ್ನೆ ಜಮೀನು ನೋಡಿಕೊಂಡು ಇರುತ್ತಿದ್ದನೇನೋ!

1307ರ ಗರಿಗಳ ಭಾನುವಾರ ಅವನು ಕದ್ದುಮುಚ್ಚಿ ತನ್ನೂರಿಗೆ ಬಂದ. ಅಪ್ಪನ ಕಾಲದ ಒಕ್ಕಲು ಟಾಮಸ್ ಡಿಕ್ಸನ್ ಮನೆಯಲ್ಲಿ ಅಡಗಿದ. ಕೋಟೆಯ ಕಾವಲಿನವರು ಚರ್ಚಿಗೆ ಬಂದಾಗ ಮೇಲೆ ಬಿದ್ದ. ಆಮೇಲೆ ಖಾಲಿ ಕೋಟೆಗೆ ಹೋಗಿ, ಅಲ್ಲಿ ಬೇಯಿಸಿಟ್ಟಿದ್ದ ಹಬ್ಬದೂಟವನ್ನು ಉಂಡ. ನಂತರ ಉಗ್ರಾಣದಲ್ಲಿ ಕಾಳು, ಹಿಟ್ಟು ಸುರಿಸಿ, ಪೀಪಾಯಿ ಒಡೆದು ಮದ್ಯ ಹರಿಸಿ, ಸೆರೆಯಾಳುಗಳ ತಲೆ ಕಡಿದು ಅದರ ಮೇಲೇ ಹಾಕಿಸಿದ. ಬಾವಿಗೆ ಉಪ್ಪು, ಸತ್ತ ಕುದುರೆ ಹಾಕಿಸಿ ಕೋಟೆಗೆ ಬೆಂಕಿ ಇಟ್ಟ. ತನ್ನಪ್ಪನ ಕೋಟೆಯನ್ನೇ! ಜನ ಇದಕ್ಕೆ ‘ಡಗ್ಲಸ್ ಉಗ್ರಾಣ’ ಅಂತ ಹೆಸರಿಟ್ಟರು. ಸ್ಕಾಟರಿಗೆ ಅವನು ‘ಒಳ್ಳೆಯ ಸರ್ ಜೇಮ್ಸ್’, ಇಂಗ್ಲಿಷರಿಗೆ ‘ಕಪ್ಪು ಡಗ್ಲಸ್’ ಆಗಿದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

1314ರ ಫೆಬ್ರವರಿಯಲ್ಲಿ ರಾಕ್ಸ್‌ಬರ್ಗ್ ಕೋಟೆ ಹಿಡಿದದ್ದು ಇನ್ನೂ ಜಾಣತನದ ಕೆಲಸ. ಕತ್ತಲಲ್ಲಿ ಕಪ್ಪು ನಿಲುವಂಗಿ ಹೊದ್ದು, ಮಂಡಿಯೂರಿ ತೆವಳುತ್ತಾ ಬಂದ ಅವನ ಜನರನ್ನು ಕಾವಲುಗಾರರು ದನಗಳೆಂದುಕೊಂಡರು. ಜೂನ್‌ನಲ್ಲಿ ಬ್ಯಾನಕ್‌ಬರ್ನ್ ಯುದ್ಧ ಗೆದ್ದ ಮೇಲೆ ಅವನು 2ನೇ ಎಡ್ವರ್ಡನನ್ನು ಡನ್‌ಬಾರ್‌ವರೆಗೆ ಅಟ್ಟಿಸಿಕೊಂಡು ಹೋದ. 1327ರಲ್ಲಿ ಹದಿಹರೆಯದ 3ನೇ ಎಡ್ವರ್ಡನ ಡೇರೆಯ ಹಗ್ಗವನ್ನೇ ರಾತ್ರಿ ಹೊತ್ತು ಕತ್ತರಿಸಿ ಬಂದ.

ಇದರಲ್ಲಿ ಜಾಸ್ತಿ ಪಾಲು ನಮಗೆ ತಿಳಿಯುವುದು ಜಾನ್ ಬಾರ್ಬರ್ ಎಂಬ ಪಾದ್ರಿ 1370ರ ದಶಕದಲ್ಲಿ ಬರೆದ ಕಾವ್ಯದಿಂದ. ಡಗ್ಲಸ್ ಸತ್ತು ಆಗಲೇ 40 ವರ್ಷ ದಾಟಿತ್ತು. ಬಾರ್ಬರ್ ಅವನ ಅಭಿಮಾನಿ, ನಿಜ. ಆದರೂ ಮುಖ ಸ್ವಲ್ಪ ಬೂದು ಬಣ್ಣ, ಕೂದಲು ಕಪ್ಪು, ಮಾತು ಕೊಂಚ ತೊದಲು ಅಂತ ಬರೆಯುತ್ತಾನೆ. ಬರೀ ಹೊಗಳುಭಟ್ಟ ತೊದಲಿನ ಸುದ್ದಿ ಎತ್ತುತ್ತಿರಲಿಲ್ಲ.

1329ರ ಜೂನ್ 7ರಂದು ಬ್ರೂಸ್ ತೀರಿಕೊಂಡ. ದೇವರ ವೈರಿಗಳ ಎದುರು ಹೋರಾಡುವ ಆಸೆ ಬದುಕಿದ್ದಾಗ ಈಡೇರಲಿಲ್ಲ, ನನ್ನ ಹೃದಯವಾದರೂ ಹೋಗಲಿ ಅನ್ನುವುದು ಅವನ ಕೊನೆಯ ಮಾತು. ದೇಹ ಡನ್‌ಫರ್ಮ್ಲಿನ್ ಮಠದಲ್ಲಿ ಮಣ್ಣಾಯಿತು, ಹೃದಯ ಬೆಳ್ಳಿಯ ಡಬ್ಬಿ ಸೇರಿತು. ಡಗ್ಲಸ್ ಹಡಗು ಹತ್ತಿ ಸ್ಪೇನ್ ಮುಟ್ಟಿದಾಗ, ಕ್ಯಾಸ್ಟೀಲಿನ ದೊರೆ 11ನೇ ಅಲ್ಫಾನ್ಸೊ ಗ್ರನಾಡಾದ ಸುಲ್ತಾನನ ಮೇಲೆ ಯುದ್ಧಕ್ಕೆ ನಿಂತಿದ್ದ. ಡಗ್ಲಸ್ ಅವನ ಜೊತೆಗೂಡಿದ.

1330ರ ಆಗಸ್ಟ್‌ನಲ್ಲಿ ತೇಬಾ ಕೋಟೆಯ ಹತ್ತಿರ ಕಾಳಗವಾಯಿತು. ಬಾರ್ಬರ್ ಹೇಳುವ ಪ್ರಕಾರ, ಓಡುತ್ತಿದ್ದ ಶತ್ರುಗಳ ಬೆನ್ನು ಹತ್ತಿ ಡಗ್ಲಸ್ ತುಂಬಾ ದೂರ ಹೋಗಿಬಿಟ್ಟ. ಸುತ್ತ ನೋಡಿದರೆ ಜೊತೆಗಿದ್ದವರು ಹತ್ತೇ ಜನ. ಶತ್ರುಗಳು ತಿರುಗಿ ನಿಂತರು. ಗೆಳೆಯ ವಿಲಿಯಂ ಸಿಂಕ್ಲೇರ್ ಸುತ್ತುವರಿದ ಜನರ ನಡುವೆ ಸಿಕ್ಕಿಕೊಂಡದ್ದು ಕಂಡು, ಬಿಡಿಸಲು ನುಗ್ಗಿ ತಾನೂ ಸತ್ತ.

ಬಾರ್ಬರ್ ಬರೆದದ್ದರಲ್ಲಿ ಅವನು ಡಬ್ಬಿ ಎಸೆದದ್ದಿಲ್ಲ. ಎಸೆದ ಕಥೆ ಕಾಣಿಸುವುದು 15ನೇ ಶತಮಾನದಲ್ಲಿ, ರಿಚರ್ಡ್ ಹಾಲೆಂಡ್ ಎಂಬಾತ ಡಗ್ಲಸ್ ಮನೆತನದವರ ಆಶ್ರಯದಲ್ಲಿದ್ದು ಬರೆದ ಕಾವ್ಯದಲ್ಲಿ. ಅನ್ನ ಹಾಕಿದ ಮನೆಯ ಹಿರಿಯ ಒಂದು ಕೈ ಹೆಚ್ಚೇ ಮಾಡಿದ ಅಂದರೆ ಯಾರಿಗೆ ನಷ್ಟ! ಆ ಮನೆತನದ ಲಾಂಛನದ ಮೇಲೆ ಕೆಂಪು ಹೃದಯ ಅಷ್ಟು ಹೊತ್ತಿಗಾಗಲೇ ಬಂದು ಕೂತಿತ್ತು. 19ನೇ ಶತಮಾನದಲ್ಲಿ ವಾಲ್ಟರ್ ಸ್ಕಾಟ್ ಅದನ್ನು ಮತ್ತೆ ಹೇಳಿ, ಮನೆಮನೆಗೆ ಮುಟ್ಟಿಸಿದ. ನನಗೇನೋ ಎಸೆದದ್ದಕ್ಕಿಂತ ಗೆಳೆಯನಿಗಾಗಿ ಹಿಂತಿರುಗಿದ್ದೇ ದೊಡ್ಡದು ಅನ್ನಿಸುತ್ತದೆ.

ತೋಳು ಮುರಿದು ಕಾಳಗಕ್ಕೆ ಇಳಿಯದ ವಿಲಿಯಂ ಕೀತ್ ಡಗ್ಲಸ್‌ನ ಮೂಳೆಗಳನ್ನೂ ರಾಜನ ಹೃದಯವನ್ನೂ ಊರಿಗೆ ತಂದ. ಹೀಗೆ ಹೆಣದಿಂದ ಹೃದಯ ಕೀಳುವುದು ಚರ್ಚಿನ ಪ್ರಕಾರ ಬಹಿಷ್ಕಾರಕ್ಕೆ ಗುರಿಯಾಗುವ ತಪ್ಪು. 1331ರಲ್ಲಿ ಪೋಪ್ ಅದನ್ನು ಮನ್ನಿಸಿದರು. ಅಷ್ಟು ಹೊತ್ತಿಗೆ ಡಗ್ಲಸ್ ಸತ್ತು ಒಂದು ವರ್ಷವಾಗುತ್ತಾ ಬಂದಿತ್ತು.