ಕ್ಯೂಬಾದ ಹಾಡುಗಾರನಿಗೆ ದುಡ್ಡು ಕೊಡುವವರು ಯಾರು?

ಕ್ಯೂಬಾದ ಸಂಗೀತಗಾರರ ವಿಷಯ ಎತ್ತಿದರೆ ಎರಡು ವಾದ ತಪ್ಪದೆ ಬರುತ್ತವೆ. ಸರ್ಕಾರ ಸಂಬಳ ಕೊಟ್ಟು ಸಾಕಿತು ಅನ್ನುವವರು ಒಂದು ಕಡೆ, ಸರ್ಕಾರವೇ ಅವರ ಬಾಯಿ ಕಟ್ಟಿತು ಅನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸುಳ್ಳಲ್ಲ. ಗೋಜಲು ಬಿಡಿಸಬೇಕಾದರೆ ಹವಾನಾ ಬಿಟ್ಟು ದ್ವೀಪದ ಪೂರ್ವ ತುದಿಗೆ ಹೋಗಬೇಕು.

ಗ್ವಾಂಟಾನಮೊ ಸುತ್ತಲಿನ ಗುಡ್ಡಗಾಡಿನಲ್ಲಿ, ಕಬ್ಬು, ಕಾಫಿ ತೋಟಗಳ ಕೂಲಿಗಳ ನಡುವೆ ಬೆಳೆದದ್ದು ಚಾಂಗ್ವಿ ಎಂಬ ಸಂಗೀತ. ಮೂರು ಜೋಡಿ ತಂತಿಯ ತ್ರೆಸ್, ಬೊಂಗೊ, ಕೆರೆದು ನುಡಿಸುವ ಗುವಾಯೊ, ಮರಾಕಾ, ಮರಿಂಬುಲ ಇದ್ದರೆ ಮೇಳ ಸಿದ್ಧ. ಮರಿಂಬುಲ ಎಂದರೆ ಒಂದು ಮರದ ಪೆಟ್ಟಿಗೆ. ಮುಂದೆ ತೂತು, ತೂತಿಗೆ ಅಡ್ಡಲಾಗಿ ಲೋಹದ ಪಟ್ಟಿಗಳು. ನುಡಿಸುವವನು ಪೆಟ್ಟಿಗೆಯ ಮೇಲೇ ಕುಳಿತು, ಕಾಲುಗಳ ನಡುವೆ ಕೈಯಿಳಿಸಿ ಪಟ್ಟಿಗಳನ್ನು ಮೀಟುತ್ತಾನೆ. ಇದರ ಸೋದರನಂತಿರುವ ಸೊನ್ ಸಂಗೀತದ ಹಳೆಯ ತಂಡಗಳಲ್ಲಿ ಬೊತಿಹಾ ಎಂಬ ಮಣ್ಣಿನ ಹೂಜಿಯೂ ಇತ್ತು. ನಮ್ಮ ಘಟದ ಹಾಗೆ ಬಡಿಯುವುದಲ್ಲ, ಬಾಯಿಟ್ಟು ಊದುವುದು.

ಈ ಹಾಡುಗಾರರಲ್ಲಿ ಹಾಡಿಯೇ ಹೊಟ್ಟೆ ಹೊರೆದವರು ಕಡಿಮೆ. ಪೂರ್ವದ ದೊಡ್ಡ ಊರು ಸಾಂಟಿಯಾಗೊದಲ್ಲಿ ಗಿಟಾರ್ ಹಿಡಿದು ಹಾಡುವ ತ್ರೋವಾ ಗಾಯನಕ್ಕೆ ಮೂಲಪುರುಷ ಎನಿಸಿದ ಪೆಪೆ ಸಾಂಚೆಸ್ ಕಸುಬಿನಿಂದ ದರ್ಜಿ. ಸೊನ್ ಗಾಯಕ ಕೊಂಪಾಯ್ ಸೆಗುಂದೊ ವರ್ಷಗಟ್ಟಲೆ ಚುಟ್ಟದ ಕಾರ್ಖಾನೆಯಲ್ಲಿ ಹೊಗೆಸೊಪ್ಪು ಸುತ್ತಿದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಸೊನ್ ಹವಾನಾಕ್ಕೆ ಬಂತು, ರೆಕಾರ್ಡಾಯಿತು, ರೇಡಿಯೊ ಹತ್ತಿತು, ಅಮೆರಿಕದ ಪ್ರವಾಸಿಗರ ಕ್ಯಾಸಿನೊಗಳಲ್ಲಿ ಮೆರೆಯಿತು. ಅಷ್ಟರಲ್ಲಿ ಫಿಡೆಲ್ ಕ್ಯಾಸ್ಟ್ರೊನ 1959ರ ಕ್ರಾಂತಿ.

ನಿಜವಾದ ತಿರುವು ಇಲ್ಲಿದೆ. ಕ್ಯಾಸಿನೊಗಳು ಮುಚ್ಚಿದವು, ರೆಕಾರ್ಡ್ ಕಂಪನಿಗಳು ಸರ್ಕಾರದ ಪಾಲಾದವು, 1964ರಲ್ಲಿ ಅವುಗಳ ಜಾಗಕ್ಕೆ ಎಗ್ರೆಮ್ ಎಂಬ ಒಂದೇ ಸಂಸ್ಥೆ ಬಂತು. 1968ರ ಮಾರ್ಚ್‌ನಲ್ಲಿ ಗೂಡಂಗಡಿಯಿಂದ ಹಿಡಿದು 50 ಸಾವಿರಕ್ಕೂ ಹೆಚ್ಚು ಸಣ್ಣ ವ್ಯಾಪಾರಗಳನ್ನು ರಾಷ್ಟ್ರೀಕರಿಸಿದಾಗ ಬಾರುಗಳಿಗೂ ಬೀಗ ಬಿತ್ತು. ತಂಡಗಳು ರಾತ್ರಿ ನುಡಿಸುತ್ತಿದ್ದ ಜಾಗವೇ ಹೋಯಿತು. ಅದೇ ವರ್ಷ ಸಾಂಟಿಯಾಗೊದ ಎರೆದಿಯಾ ಬೀದಿಯಲ್ಲಿ ಹಾಡುಗಾರರಿಗೆಂದೇ ಕಾಸಾ ದೆ ಲಾ ತ್ರೋವಾ ತೆರೆಯಿತು. ಒಂದು ಕೈ ಕಿತ್ತುಕೊಂಡಿತು, ಇನ್ನೊಂದು ಕೈ ಕೊಟ್ಟಿತು. ಎರಡೂ ಒಂದೇ ಮೈಯ ಕೈಗಳು.

ವೃತ್ತಿಪರ ಎಂದು ಪರೀಕ್ಷೆಯಲ್ಲಿ ಗೆದ್ದವರಿಗೆ ದರ್ಜೆ, ದರ್ಜೆಗೆ ತಕ್ಕ ತಿಂಗಳ ಸರ್ಕಾರಿ ಸಂಬಳ. ಸಂಗೀತ ಕಛೇರಿ ಸಿಗಲಿ ಬಿಡಲಿ, ಒಲೆ ಉರಿಯುತ್ತಿತ್ತು. ಬಡವರ ಮಕ್ಕಳೂ ಬಿಟ್ಟಿಯಾಗಿ ಸಂಗೀತಶಾಲೆಗೆ ಹೋದರು. ಇದನ್ನು ಸಣ್ಣದು ಎನ್ನುವವರು ಹಸಿದು ಹಾಡಿದವರಲ್ಲ. ಆದರೆ ಹಗಲು ಕಬ್ಬು ಕಡಿದು ರಾತ್ರಿ ಮರಿಂಬುಲದ ಮೇಲೆ ಕೂರುವವನು ಕಾಗದದಲ್ಲಿ ‘ಹವ್ಯಾಸಿ’ಯಾಗಿಯೇ ಉಳಿದ. ಅವನಿಗೆ ಹಬ್ಬದ ವೇದಿಕೆ ಸಿಕ್ಕಿತು, ಸಂಬಳ ಸಿಗಲಿಲ್ಲ.

ಕ್ಯೂಬಾಗೆ ಆಸರೆಯಾಗಿದ್ದ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಆ ಸಂಬಳಕ್ಕೂ ಬೆಲೆಯಿಲ್ಲವಾಯಿತು. 1994ರ ಹೊತ್ತಿಗೆ ಕಾಳಸಂತೆಯಲ್ಲಿ ಒಂದು ಡಾಲರಿಗೆ 100 ಪೆಸೊ ದಾಟಿತ್ತು. ಪ್ರವಾಸಿಗ ಹಾಕುವ ಒಂದೆರಡು ಡಾಲರು ತಿಂಗಳ ಸಂಬಳಕ್ಕೆ ಸಮ. 1996ರಲ್ಲಿ ಎಗ್ರೆಮ್‌ನ ಹಳೆಯ ಸ್ಟುಡಿಯೊದಲ್ಲಿ ಹಳೆಯ ಹಾಡುಗಾರರ ಬ್ವೇನಾ ವಿಸ್ತಾ ಸೋಶಿಯಲ್ ಕ್ಲಬ್ ಎಂಬ ಆಲ್ಬಂ ರೆಕಾರ್ಡಾದಾಗ ಕೊಂಪಾಯ್‌ಗೆ ವಯಸ್ಸು 88. ಅದರಲ್ಲಿ ಹಾಡಿದ ಇಬ್ರಾಹಿಂ ಫೆರೆರ್ ಆ ದಿನಗಳಲ್ಲಿ ಬೂಟು ಪಾಲಿಶ್ ಮಾಡಿ ಬದುಕುತ್ತಿದ್ದರು. ಜಗತ್ತು ಕಣ್ಣೀರಿಟ್ಟು ಕೇಳಿತು. ಆಮೇಲೆ ಊರೂರಿನ ಹೋಟೆಲುಗಳಲ್ಲಿ ಪ್ರವಾಸಿಗರು ಅದೇ ನಾಲ್ಕು ಹಾಡು ಕೇಳತೊಡಗಿದರು. ತಂಡದವರು ಅದನ್ನೇ ನುಡಿಸಿ ಬುಟ್ಟಿ ತಿರುಗಿಸಿದರು. ಚಾಂಗ್ವಿ ಬೇಕೆಂದು ಕೇಳಿದವರು ವಿರಳ.

2018ರಲ್ಲಿ ದ್ವೀಪಕ್ಕೆ 47 ಲಕ್ಷದಷ್ಟು ಪ್ರವಾಸಿಗರು ಬಂದಿದ್ದರು. 2024ರಲ್ಲಿ ಅದರ ಅರ್ಧವೂ ಇಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಇಡೀ ದೇಶದ ಕರೆಂಟೇ ಹೋಯಿತು. ಮರಿಂಬುಲಕ್ಕೆ ಕರೆಂಟು ಬೇಡ. ಬುಟ್ಟಿಗೆ ಕಾಸು ಹಾಕುವವರು ಮಾತ್ರ ಬೇಕು.